ಮೀನಿಗೆ ಹಾಕಿದ ಹಣ್ಣುಹುಳು

ಮೀನು ಇವತ್ತೂ ಹುಳುವನ್ನು ಉಗಿಯಿತು. ಬಾಯಿಗೇನೋ ತೆಗೆದುಕೊಂಡಿತು, ಒಂದು ಗಳಿಗೆ ಅಲ್ಲಾಡದೆ ನಿಂತು, ಬೀಗರ ಮನೆಯ ಊಟದಲ್ಲಿ ಕಲ್ಲು ಕಡಿದವರ ಹಾಗೆ ಸದ್ದಿಲ್ಲದೆ, ಮರ್ಯಾದೆಯಿಂದ ಹೊರಗೆ ಬಿಟ್ಟಿತು. ಉಗಿಸಿಕೊಂಡ ಹುಳು ಕೂದಲಿಗಿಂತ ಸಣ್ಣದೊಂದು ಎಳೆಯನ್ನು ಬಿಡುತ್ತಾ ತಳದ ಹರಳುಗಳ ಮೇಲೆ ಹೋಗಿ ಕುಳಿತಿತು. ಮುನಿಶಾಮಮ್ಮ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಳು. ಅಂಗೈ ಅಗಲದ ಕಪ್ಪು ಮೈ, ಅದರ ಮೇಲೆ ಆರದ ಕೆಂಡದಂಥ ಪಟ್ಟೆಗಳು, ಬಾಲದ ಬುಡದಲ್ಲಿ ಕಣ್ಣಿನ ಹಾಗೇ ಇರುವ ಒಂದು ಮಚ್ಚೆ. ಮುಂದಿನ ಕಣ್ಣು ಅವಳನ್ನು ನೋಡುತ್ತಿತ್ತು, ಹಿಂದಿನ ಮಚ್ಚೆ ಇನ್ಯಾರನ್ನೋ ನೋಡುತ್ತಿತ್ತು. ಹೊಟ್ಟೆ ಮಾತ್ರ ಯಾರಿಗೂ ಸುಳ್ಳು ಹೇಳುತ್ತಿರಲಿಲ್ಲ. ಬಂದಾಗ ತುಂಬಿದ ರಾಗಿಚೀಲದ ಹಾಗಿದ್ದದ್ದು ಈಗ ಒಳಕ್ಕೆ ಸೇದಿಕೊಂಡು, ಕೊಡವಿ ನೇತುಹಾಕಿದ ಚೀಲದ ಹಾಗಾಗಿತ್ತು. “ತಿನ್ನೋ ಮೂದೇವಿ,” ಎಂದಳು ಮುನಿಶಾಮಮ್ಮ. “ಮೂರು ಲೋಕದಲ್ಲಿ ಯಾವ ಮೀನಿಗೂ ಸಿಗದ ಊಟ ಕಣೋ ಇದು. ದೇವೇಂದ್ರನ ಮನೆ ಮೀನು ಬಂದು ಸೆರಗೊಡ್ಡಿ ಬೇಡಿದ್ರೂ ನಾನು ಕೊಡ್ತಿರ್ಲಿಲ್ಲ.” ಮೀನು ಬಾಯಿ ತೆರೆದು ಮುಚ್ಚಿತು. ಹಾಗೆ ತೆರೆದು ಮುಚ್ಚುವುದು ಅದರ ಉಸಿರಾಟ ಎಂದು ಗೊತ್ತಿದ್ದರೂ ಅವಳಿಗೆ ಅದು ಯಾರಿಗೋ ದೂರು ಒಪ್ಪಿಸುವ ಅಭ್ಯಾಸ ಮಾಡಿಕೊಳ್ಳುತ್ತಿರುವ ಹಾಗೆ ಕಂಡಿತು. ದೂರು ಕೇಳುವವನು ಮಧ್ಯಾಹ್ನದ ಬಸ್ಸಿಗೆ ಕೋಲಾರದಿಂದ ಬರುವವನಿದ್ದ.

ಬರುವವನು ಚನ್ನರಾಯಪ್ಪ, ಅವಳ ಗಂಡನ ತಮ್ಮ. ವಯಸ್ಸಿರುವಷ್ಟು ಕಾಲ ನಂಗಲಿಯ ಗಡಿ ದಾಟಿಸಿ ಲಾರಿ ಓಡಿಸಿದವನು. ಹೆಂಡತಿ ಹೋದ ಮೇಲೆ ಬಾಯಿಗೆ ಬೀಗ ಹಾಕಿಕೊಂಡು, ಶ್ರೀನಿವಾಸಪುರದಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿರುವ ಕದಿರೇಶನ ಹತ್ತಿರ ಈ ಆಸ್ಕರ್ ಜಾತಿಯ ಮೀನನ್ನು ತಂದು, ಅದರೊಡನೆ ಮಾತ್ರ ಮಾತಾಡುತ್ತಿದ್ದವನು. ಅವನ ಮನೆ ಬೀದಿಯ ಆ ಬದಿ, ಇವಳದು ಈ ಬದಿ. ಕಣ್ಣಿನ ಪೊರೆ ತೆಗೆಸಿಕೊಂಡು ಎರಡು ವಾರ ಕೋಲಾರದ ಮಗಳ ಮನೆಯಲ್ಲಿ ಇರಬೇಕಾಗಿ ಬಂದಾಗ, ಮೀನನ್ನು ಯಾರ ಕೈಗೆ ಕೊಡುವುದು ಎಂದು ಅವನು ಜಗಲಿಯ ಮೇಲೆ ಕೊರಗುತ್ತಾ ಕುಳಿತದ್ದನ್ನು ನೋಡಿ ಮುನಿಶಾಮಮ್ಮನೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿದ್ದಳು. “ನನಗೆ ಕೊಡಪ್ಪಾ. ಈ ಕೈಯಲ್ಲಿ ಸಾಕಿದ ರೇಷ್ಮೆ ಹುಳಾನ ಸಾಲಾಗಿ ನಿಲ್ಲಿಸಿದ್ರೆ ಇಲ್ಲಿಂದ ಕಾಶಿ ಮುಟ್ತವೆ, ವಾಪಸ್ ಬರೋವಾಗ ತಲಾ ಒಂದು ಚೊಂಬು ಗಂಗೇನೂ ತರ್ತವೆ. ನಿಂದೊಂದು ಮೀನು ನನಗೆ ಭಾರವಾ? ನೀನು ಬರೋಹೊತ್ಗೆ ಎಮ್ಮೆಕರು ಆಗಿರ್ತದೆ. ಕಟ್ಟಿ ಹಾಕಕ್ಕೆ ಹಗ್ಗ ತಗೊಂಡ್ ಬಾ.” ಬೀದಿಯೇ ನಕ್ಕಿತ್ತು. ಚನ್ನರಾಯಪ್ಪನೂ ನಕ್ಕಿದ್ದ. ಆದರೆ ಗಾಜಿನ ತೊಟ್ಟಿಯನ್ನು ಅವಳ ನಡುಮನೆಯಲ್ಲಿ ಇಳಿಸಿ, ನೀರಿಗೆ ಗಾಳಿ ಬಿಡುವ ಮಿಷನ್ನನ್ನು ಜೋಡಿಸಿಕೊಟ್ಟು, ಹೊಸಿಲು ದಾಟುವಾಗ ತಿರುಗಿ ನಿಂತು, “ತಮಾಷೆ ಇರ್ಲಿ ಅತ್ತಿಗೆ. ಇದನ್ನಾದ್ರೂ ಹಸ್ಕೊಂಡು ಇರೋ ಹಾಗೆ ಮಾಡ್ಬೇಡ,” ಎಂದು ಹೇಳಿ ಹೋಗಿದ್ದ.

ಇದನ್ನಾದರೂ. ಆ ಮಾತು ಅಂಗಾಲಿಗೆ ಹೊಕ್ಕ ಜಾಲಿಮುಳ್ಳು. ಕೂತಾಗ ನೋಯುವುದಿಲ್ಲ, ಹೆಜ್ಜೆ ಇಟ್ಟಾಗಲೆಲ್ಲ ತಾನಿದ್ದೇನೆ ಎನ್ನುತ್ತದೆ. ತೊಟ್ಟಿ ಇಟ್ಟಿರುವ ಇದೇ ಗೋಡೆಗೆ ಒತ್ತಿ ವರ್ಷಗಳ ಹಿಂದೆ ಮಂಚ ಹಾಕಿತ್ತು. ಅವಳ ಗಂಡ, ಕಾಯಿಲೆ ಬಿದ್ದ ವೆಂಕಟರಮಣಪ್ಪ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾನೆ. ಗಂಜಿ ತಂದರೆ ತಲೆ ಅಲ್ಲಾಡಿಸುತ್ತಾನೆ, ಎಳನೀರು ತಂದರೆ ತಲೆ ಅಲ್ಲಾಡಿಸುತ್ತಾನೆ, ಮಾವಿನ ರಸದಲ್ಲಿ ಬೆರಳದ್ದಿ ತುಟಿಗೆ ಸವರಿದರೆ ಅದನ್ನು ಒರೆಸಿಕೊಳ್ಳುತ್ತಾನೆ. ಒಂದು ಸಂಜೆ ತಾನಾಗೇ ಈ ಕಡೆ ಹೊರಳಿ, “ನೀನ್ ಉಂಡ್ಯಾ?” ಎಂದ. “ನೀನ್ ಉಣ್ಣದೆ ನಾನೆಂಗ್ ಉಣ್ಲಿ?” “ತಟ್ಟೆ ಹಾಕ್ಕೊಂಡು ಬಾ. ಇಲ್ಲೇ ಕೂತ್ಕೊಂಡು ಉಣ್ಣು. ನಾನ್ ನೋಡ್ತೀನಿ.” ಅವಳು ಮುದ್ದೆ ಮುರಿದು, ಸಾರಲ್ಲಿ ಅದ್ದಿ, ನುಂಗಿದಳು. ಅವನು ನೋಡಿದ. ಗಂಟಲಲ್ಲಿ ಮುದ್ದೆ ಇಳಿಯುವುದನ್ನು ಹೊಲಕ್ಕೆ ನೀರು ಹಾಯುವುದನ್ನು ನೋಡುವವನ ಹಾಗೆ ನೋಡಿದ. ಆಗಲೇ ಬಾಗಿಲು ತಳ್ಳಿಕೊಂಡು ಬಂದವನು ಚನ್ನರಾಯಪ್ಪ. ಅವನ ಕಣ್ಣಿಗೆ ಬಿದ್ದದ್ದು ಒಣಗಿದ ಅಣ್ಣ, ಮತ್ತು ಬಾಯಿ ತುಂಬಿಕೊಂಡ ಅತ್ತಿಗೆ. ಅವನು ಅವತ್ತು ಏನೂ ಹೇಳಲಿಲ್ಲ. ತಿಥಿಯ ದಿನ, ಎಲೆ ಮುಂದೆ ಕೂತ ನೆಂಟರ ಸಾಲಿನಲ್ಲಿ ಹೇಳಿದ. “ನಮ್ಮಣ್ಣ ಹಸ್ಕೊಂಡು ಮಲಗಿದ್ದ. ಅತ್ತಿಗೆ ಅವನ ಕಣ್ಣೆದುರಿಗೇ ಉಣ್ತಾ ಇದ್ಲು.” ಅಷ್ಟೇ. ಆ ಕಡೆಯ ಊರನ್ನು ಈ ಕಡೆ, ಈ ಕಡೆಯ ಊರನ್ನು ಆ ಕಡೆ ಮಾಡುವಷ್ಟು ಬಾಯಿ ಇದ್ದ ಮುನಿಶಾಮಮ್ಮ ಅವತ್ತು ಪಾಯಸದ ಸೌಟು ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ಅವನೇ ಉಣ್ಣು ಎಂದ ಎಂದು ಹೇಳಬಹುದಿತ್ತು. ಹೇಳಿದರೆ ಯಾರು ನಂಬುತ್ತಾರೆ ಎನ್ನುವುದು ಒಂದು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಅವತ್ತು ಅವಳಿಗೆ ಹಸಿವಾಗಿತ್ತು. ಮುದ್ದೆ ರುಚಿಯಾಗಿತ್ತು. ಅವನು ನೋಡುತ್ತಿದ್ದಾನೆ ಎನ್ನುವುದನ್ನೂ ಮರೆಯುವಷ್ಟು ರುಚಿಯಾಗಿತ್ತು. ಆಮೇಲಿಂದ ಅವಳು ಊಟಕ್ಕೆ ಕೂರುವಾಗ ಅಡುಗೆಮನೆಯ ಬಾಗಿಲು ಎಳೆದುಕೊಳ್ಳುತ್ತಾಳೆ. ಸೊಸೆ ಶ್ರೀವಾಣಿ ಕೇಳಿದರೆ, ಬೆಕ್ಕು ಬರುತ್ತದೆ ಎನ್ನುತ್ತಾಳೆ. ಮನೆಯಲ್ಲಿ ಬೆಕ್ಕಿಲ್ಲ.

ಈಗ ಈ ಮೀನು ಹಸಿದು ಸತ್ತರೆ ಆ ಮಾತು ನಿಜವಾಗುತ್ತದೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮೀನನ್ನು ಮನೆಯೊಳಗೆ ಇಳಿಸಿಕೊಂಡ ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. ಅದಕ್ಕೇ ಅವಳು ಅದಕ್ಕೆ ಹಣ್ಣುಹುಳುವನ್ನೇ ಹಾಕಿದ್ದು. ಹಣ್ಣುಹುಳು ಎಂದರೇನೆಂದು ರೇಷ್ಮೆ ಸಾಕುವ ಊರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನಾಲ್ಕು ಸಲ ಜ್ವರಕ್ಕೆ ಮಲಗಿ, ನಾಲ್ಕು ಸಲ ಪೊರೆ ಕಳಚಿ ಎದ್ದು, ಕೊನೆಯ ವಾರ ಹಗಲಿರುಳೆನ್ನದೆ ಹಿಪ್ಪುನೇರಳೆ ಸೊಪ್ಪು ತಿಂದು, ಒಂದು ದಿನ ಹುಳು ಇದ್ದಕ್ಕಿದ್ದ ಹಾಗೆ ತಿನ್ನುವುದನ್ನು ನಿಲ್ಲಿಸುತ್ತದೆ. ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತದೆ. ಮೈ ಬಿಳಿ ದ್ರಾಕ್ಷಿಯ ಹಾಗೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆಗ ಅದು ಹಣ್ಣಾಯಿತು ಎಂದು ಆರಿಸಿ ಬಿದಿರಿನ ತಟ್ಟಿಯ ಚಂದ್ರಿಕೆಯ ಮೇಲೆ ಬಿಡುತ್ತಾರೆ, ಗೂಡು ಕಟ್ಟುತ್ತದೆ. ಹಣ್ಣಾಗುವ ತನಕ ಹುಳುವನ್ನು ಮೇವಿನ ಮುಂದಿನಿಂದ ಎತ್ತುವಂತಿಲ್ಲ. ಎಲೆಯ ಮುಂದೆ ಕೂತವರನ್ನು ರಟ್ಟೆ ಹಿಡಿದು ಎಬ್ಬಿಸಿದ ಪಾಪ ಅದು ಎಂದು ಅವಳಿಗೆ ಅವಳ ಅತ್ತೆ ಹೇಳಿಕೊಟ್ಟಿದ್ದಳು, ಅವಳು ಶ್ರೀವಾಣಿಗೆ ಹೇಳಿಕೊಟ್ಟಿದ್ದಳು. ತಮ್ಮ ಹುಳುಮನೆಯಲ್ಲಿದ್ದ ಹುಳುಗಳು ಆಗಿನ್ನೂ ಎರಡನೇ ಜ್ವರದಿಂದ ಎದ್ದಿದ್ದವು. ಹಾಗಾಗಿ ಮುನಿಶಾಮಮ್ಮ ಊರಲ್ಲಿ ಯಾರ ಮನೆಯಲ್ಲಿ ಹಣ್ಣಾಗಿದೆಯೋ ಅವರ ಬಾಗಿಲಿಗೆ ಬಟ್ಟಲು ಹಿಡಿದು ಹೋದಳು. “ಒಂದಿಷ್ಟು ಹಣ್ಣು ಹಾಕ್ರೇ. ನಮ್ಮ ಆಸ್ಕರಪ್ಪನೋರು ಊಟಕ್ಕೆ ಕೂತವ್ರೆ.” ಒಂದೊಂದು ಹುಳುವನ್ನೂ ಬೆಳಕಿಗೆ ಹಿಡಿದು, ಚಿನ್ನದಂಗಡಿಯಲ್ಲಿ ಮೂಗುತಿ ಆರಿಸುವ ಹಾಗೆ ಆರಿಸಿದಳು. ಮೈದುನನ ಮೀನಿಗೆ ಅತ್ತಿಗೆ ರೇಷ್ಮೆ ಸೀರೆ ತಿನ್ನಿಸುತ್ತಿದ್ದಾಳೆ ಎಂದು ಊರು ಆಡಿಕೊಂಡಿತು. ಆಡಿಕೊಳ್ಳಲಿ, ಆ ಮಾತು ಕೋಲಾರದ ತನಕ ಹೋಗಲಿ ಎಂದೇ ಅವಳಿಗೆ ಬೇಕಿತ್ತು. ಹೊರಡುವ ಮುಂಚೆ ಚನ್ನರಾಯಪ್ಪ, “ಹುಳ ಹಾಕೋಕೆ ಮುಂಚೆ ಹುಳಕ್ಕೆ ಚೆನ್ನಾಗಿ ತಿನ್ನಿಸಬೇಕಂತೆ ಅತ್ತಿಗೆ, ಕದಿರೇಶ ಹೇಳ್ದ,” ಎಂದದ್ದಕ್ಕೆ, “ಹುಳಕ್ಕೆ ತಿನ್ನಿಸೋದನ್ನ ಆ ಹುಡುಗ ನನಗೆ ಹೇಳಿಕೊಡ್ತಾನಾ? ಮೀನಿಗೆ ಈಜೋದನ್ನೂ ಹೇಳಿಕೊಟ್ಟಿರಬೇಕು,” ಎಂದು ನಕ್ಕಿದ್ದಳು.

“ಅತ್ತೇ, ಇನ್ನೂ ಅಲ್ಲೇ ನಿಂತಿದ್ದೀರಾ?” ಶ್ರೀವಾಣಿ ಹಿಪ್ಪುನೇರಳೆ ಕಡ್ಡಿಯ ಹೊರೆಯನ್ನು ಹಿತ್ತಲಲ್ಲಿ ಕೆಡವಿ, ತಲೆಯ ಮೇಲಿನ ಸಿಂಬೆ ಬಿಚ್ಚುತ್ತಾ ಒಳಗೆ ಬಂದಳು. “ನಿಮ್ಮನ್ನ ನೋಡೇ ಅದು ಹೆದರ್ಕೊಂಡೈತೆ. ಸ್ವಲ್ಪ ಈ ಕಡೆ ಬನ್ನಿ.”

“ನನ್ನ ನೋಡಿ ಯಾಕ್ ಹೆದರ್ತದೆ? ನಾನೇನು ಕೊಕ್ಕರೇನಾ?”

“ಕದಿರೇಶಂಗೆ ಒಂದು ಫೋನ್ ಮಾಡಿ ಕೇಳೋಣ ಅಂತ ನಾನು ಆವತ್ತಿಂದ ಬಡ್ಕೋತಾ ಇದ್ದೀನಿ.”

“ಕೇಳ್ತಾಳಂತೆ. ಮುನಿಶಾಮಮ್ಮಂಗೆ ಸಾಕಕ್ಕೆ ಬರಲ್ಲ ಅಂತ ತಮಟೆ ಹೊಡ್ಸು, ಅದೊಂದು ಬಾಕಿ ಐತೆ.”

“ಚಿಕ್ಕಮಾವ ಬಂದು ನೋಡಿದ್ರೆ ತಮಟೆ ಏನೂ ಬೇಕಾಗಲ್ಲ ಬಿಡಿ,” ಎಂದು ಶ್ರೀವಾಣಿ ಕಾಲು ತೊಳೆದುಕೊಂಡು ಹುಳುಮನೆಗೆ ಹೋದಳು. ಸೊಸೆ ಹೇಳಿದ್ದು ಸರಿಯಾಗಿಯೇ ಇತ್ತು. ಸರಿಯಾಗಿರುವ ಮಾತನ್ನು ಸೊಸೆಯ ಬಾಯಲ್ಲಿ ಕೇಳುವಾಗ ಬಿಸಿ ಹಂಚಿನ ಮೇಲೆ ಕೂತ ಹಾಗಾಗುತ್ತದೆ. ಶ್ರೀವಾಣಿ ಕಿಟಕಿಯಲ್ಲಿ ಬಿಟ್ಟು ಹೋಗಿದ್ದ ಫೋನನ್ನು ಮುನಿಶಾಮಮ್ಮ ಸೆರಗಿನೊಳಗೆ ಮುಚ್ಚಿಕೊಂಡು ಹಿತ್ತಲ ಬಚ್ಚಲ ಹಿಂದೆ ಹೋಗಿ, ಮೀನಿನ ಪಟ ಇರುವ ಹೆಸರನ್ನು ಹುಡುಕಿ ಒತ್ತಿದಳು. ಅತ್ತಲಿಂದ ಯಾರು ಎಂಬ ಪ್ರಶ್ನೆ ಬಂತು.

“ನಾನಪ್ಪಾ. ಮುಳಬಾಗಿಲು ಕಡೆಯೋರು, ಒಬ್ರು.”

“ಒಬ್ರು ಅಂದ್ರೆ?”

“ಹೆಸರು ಕಟ್ಕೊಂಡು ಏನ್ ಮಾಡ್ತೀಯ. ನಮಗೆ ಗೊತ್ತಿರೋರ ಮನೇಲಿ ಒಂದು ಆಸ್ಕರ್ ಮೀನೈತೆ. ಆ ಯಮ್ಮ ಸ್ವಲ್ಪ ಪೆದ್ದು, ಪಾಪ. ಮೀನು ತಗೊಂಡ ಹುಳಾನೆಲ್ಲ ಉಗೀತೈತಂತೆ.”

ಕದಿರೇಶನ ಹಿಂದೆ ನೀರು ಗುಳುಗುಳು ಎನ್ನುತ್ತಿತ್ತು. “ಚನ್ನರಾಯಪ್ಪನೋರ ಮೀನಾ ಅಜ್ಜಿ?”

“ಯಾವ ಚನ್ನರಾಯಪ್ಪ? ಊರಿಗೊಬ್ಬ ಇರ್ತಾನೆ ಚನ್ನರಾಯಪ್ಪ.”

“ಅಲ್ಲ, ಅವರು ಕೋಲಾರದಿಂದ ದಿನಾ ಫೋನ್ ಮಾಡ್ತಾರೆ. ಅತ್ತಿಗೆ ಮನೇಲಿ ಬಿಟ್ಟಿದ್ದೀನಿ, ತಿಂತಾ ಇರ್ತದೇನೋ, ನಿಂಗೇನಾದ್ರೂ ಗೊತ್ತಾ ಅಂತ.”

ದಿನಾ. ಮುನಿಶಾಮಮ್ಮನ ಮನೆಗೆ ಒಂದು ಸಲವೂ ಮಾಡಿರಲಿಲ್ಲ. ಮಾಡಿದ್ದರೆ ಅವಳು ಏನು ಹೇಳುತ್ತಿದ್ದಳೋ ಅದು ಅವನಿಗೂ ಗೊತ್ತಿತ್ತೇನೋ, ಎಮ್ಮೆಕರು ಎನ್ನುತ್ತಿದ್ದಳು. ಸುತ್ತು ಹಾಕಿಕೊಂಡು, ಅವಳನ್ನು ನೋಡೇ ಇಲ್ಲದ ಅಂಗಡಿ ಹುಡುಗನನ್ನು ಕೇಳುತ್ತಿದ್ದ.

“ಏನ್ ಹುಳ ಹಾಕ್ತಾರಜ್ಜಿ ಆ ಯಮ್ಮ?”

“ರೇಷ್ಮೆ ಹುಳ. ಹಣ್ಣಾಗಿರೋದು. ಒಂದೊಂದೂ ಮುತ್ತು ಕಣಪ್ಪಾ. ನಿಮ್ಮಂಗಡೀಲಿರೋ ಮೀನಿನ ಮುಖಕ್ಕೆಲ್ಲ ಅಂಥದ್ದು ಕನಸಲ್ಲೂ ಬರಲ್ಲ.”

“ರೇಷ್ಮೆ ನಂಗೊತ್ತಿಲ್ಲಜ್ಜಿ. ಹಾಕೋ ಹೊತ್ತಲ್ಲಿ ಆ ಹುಳದ ಹೊಟ್ಟೇಲಿ ಏನಿರ್ತದೆ?”

“ಹೊಟ್ಟೇಲಾ?”

“ಹೂಂ. ಹುಳ ಬರೀ ಪಾತ್ರೆ. ಅದರ ಹೊಟ್ಟೇಲಿ ಏನೈತೋ ಅದೇ ಮೀನಿಗೆ ಊಟ. ಒಳ್ಳೆ ಸೊಪ್ಪುಸದೆ ಹುಳಕ್ಕೆ ಹೊಟ್ಟೆತುಂಬ ತಿನ್ನಿಸಬೇಕು, ಅದು ಅರಗೋದಕ್ಕೆ ಮುಂಚೆ ಮೀನಿಗೆ ಹಾಕ್ಬೇಕು. ಖಾಲಿ ಹುಳ ಹಾಕಿದ್ರೆ ಖಾಲಿ ಬಟ್ಟಲು ಮುಂದಿಟ್ಟಂಗೆ.” ಕದಿರೇಶ ಮುಂದುವರಿಸಿದ. “ಭಯ ಪಡಬೇಡಿ ಅಂತ ಹೇಳಿ ಆ ಯಮ್ಮಂಗೆ. ಯಜಮಾನ್ರು ಬಂದು ಕೇಳಿದ್ರೆ, ಜಾಗ ಬದಲಾಯ್ತು, ನಿಮ್ಮನ್ನ ನೆನೆಸ್ಕೊಂಡು ಕೊರಗಿತು ಅನ್ನಲಿ. ಆಸ್ಕರು ಹಂಗೆ ಮುನಿಸ್ಕೊಳ್ಳೋದೂ ಉಂಟು.”

ಫೋನು ತಣ್ಣಗಾದ ಮೇಲೂ ಅವಳು ಅದನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದಳು. ಹಣ್ಣಾದ ಹುಳುವಿನ ಹೊಟ್ಟೆಯಲ್ಲಿ ಏನಿರುತ್ತದೆ? ಕೋಲಾರ ಜಿಲ್ಲೆಯಲ್ಲಿ ಅದನ್ನು ಅವಳನ್ನು ಕೇಳಬೇಕಾಗಿ ಬಂತಲ್ಲ! ಏನೂ ಇರುವುದಿಲ್ಲ. ಹಣ್ಣಾಗುವ ದಿನ ಹುಳು ಕೊನೆಯ ಹಿಕ್ಕೆಯನ್ನೂ ಹಾಕಿ, ಮೈಯಲ್ಲಿದ್ದ ನೀರನ್ನೂ ಬಿಟ್ಟು, ಹೊಟ್ಟೆಯನ್ನು ಬೆಳಗಿಟ್ಟ ಪಾತ್ರೆಯ ಹಾಗೆ ಮಾಡಿಕೊಳ್ಳುತ್ತದೆ. ಅದಕ್ಕೇ ಬೆಳಕು ಒಳಗೆ ಹೋಗುವುದು. ಒಳಗೆ ಇರುವುದು ನೂಲೊಂದೇ. ಅವಳು ಊರೆಲ್ಲ ಸುತ್ತಿ, ಖಾಲಿಯಾದದ್ದನ್ನೇ ಹುಡುಕಿ ಹುಡುಕಿ ಆರಿಸಿ, ತುಂಬಿದ್ದನ್ನು ಮುಟ್ಟುವುದು ಪಾಪವೆಂದು ಬಿಟ್ಟು, ಮೀನಿನ ಬಾಯಿಗೆ ಅಂಟುವ ದಾರದ ಉಂಡೆಗಳನ್ನು ತುರುಕಿದ್ದಳು. ಅವಳಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು, ಬಚ್ಚಲ ಹಿಂದೆ ಒಬ್ಬಳೇ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗುತ್ತಿದ್ದ ಹಾಗೇ ನಗು ನಿಂತುಹೋಯಿತು. ಒಬ್ಬ ಮುದುಕಿ ಹಸಿದ ಜೀವವನ್ನು ತಿನ್ನಲೊಲ್ಲದು ಎಂದುಕೊಂಡು ಎರಡು ವಾರ ನೋಡುತ್ತಾ ಕೂತಿರಬಹುದಾದರೆ, ಇನ್ನೂ ವಯಸ್ಸಿದ್ದ ಹೆಂಗಸು ಹಾಗೆ ಕೂತಿರಲಿಲ್ಲ ಎನ್ನುವುದಕ್ಕೆ ಯಾರು ಸಾಕ್ಷಿ? ಇವನು ಹಣ್ಣಾದ, ಇನ್ನು ತಿನ್ನುವುದಿಲ್ಲ ಎಂದು ಅವಳು ಗಂಡನನ್ನು ನೋಡಿ ಮನಸ್ಸಿನಲ್ಲಿ ಅಂದುಕೊಂಡಿದ್ದಳು. ಅಂದುಕೊಂಡದ್ದಕ್ಕೆ ಸಮಾಧಾನವಾಗಿತ್ತು. ಸಮಾಧಾನವಾಗಿದ್ದರಿಂದ ಉಂಡಳೋ, ಉಣ್ಣಬೇಕೆಂದೇ ಹಾಗೆ ಅಂದುಕೊಂಡಳೋ.

ಕಾಲು ತೊಳೆದುಕೊಂಡು ಅವಳು ಹುಳುಮನೆಯೊಳಗೆ ಹೋದಳು. ಸುಣ್ಣದ ವಾಸನೆ, ಹಸಿ ಸೊಪ್ಪಿನ ವಾಸನೆ, ಮತ್ತು ನೂರು ಎಮ್ಮೆಗಳನ್ನು ಜೋಳದ ಹೊಲಕ್ಕೆ ಬಿಟ್ಟ ಹಾಗೆ ಸದ್ದು. ಅಟ್ಟಣಿಗೆಯ ಅಂಕಣ ಅಂಕಣಗಳಲ್ಲಿ ಬಿಳಿ ಮೈಗಳು ಎಲೆಯ ಅಂಚಿನಿಂದ ಕೆಳಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ, ಕೂಲಿ ಮುಗಿಸಿ ಮನೆಗೆ ಹೋಗಬೇಕಾದವರ ಅವಸರದಲ್ಲಿ ತಿನ್ನುತ್ತಿದ್ದವು. ಯಾವುದ್ಯಾವುದು ಹೇಗೆ ತಿನ್ನುತ್ತದೆ, ಯಾವುದು ನಾಳೆ ಮಲಗುತ್ತದೆ, ಯಾವುದಕ್ಕೆ ರೋಗ, ಎಲ್ಲ ಅವಳಿಗೆ ಕತ್ತಲಲ್ಲೂ ಗೊತ್ತಾಗುತ್ತಿತ್ತು. ಹಣ್ಣಾದ ಹುಳುವಿನ ಮುಂದೆ ಎಳೆ ಸೊಪ್ಪು ಹಾಕಿ ನೋಡಿದ್ದಳು, ಮದುವೆಯಾಗಿ ಬಂದ ಹೊಸದರಲ್ಲಿ, ತಮಾಷೆಗೆ. ಅದು ಎಲೆಯ ಮೇಲೇ ಹತ್ತಿ ಆಚೆಗೆ ಹೋಗಿತ್ತು, ಕಲ್ಲನ್ನು ದಾಟಿದ ಹಾಗೆ. ಹತ್ತಿರ ಬಾಯಿಯನ್ನೂ ತರಲಿಲ್ಲ. ಮೀನು ಹಾಗೆ ಮಾಡಿತ್ತೇ? ಮುನಿಶಾಮಮ್ಮ ಅಂಕಣದ ಕಟ್ಟು ಹಿಡಿದುಕೊಂಡು ನೆನಪು ಮಾಡಿಕೊಂಡಳು. ಇಲ್ಲ. ಮೀನು ಬಂದಿತ್ತು. ಅವಳು ಬಟ್ಟಲು ಹಿಡಿದು ಗಾಜಿನ ಹತ್ತಿರ ಹೋದಾಗಲೆಲ್ಲ, ತಳದಲ್ಲಿದ್ದದ್ದು ಎದ್ದು ಬಂದಿತ್ತು. ಇವತ್ತು ಬೆಳಿಗ್ಗೆಯೂ ಬಂದಿತ್ತು. ಪ್ರತಿ ಸಲವೂ ಬಾಯಿ ತೆರೆದು, ತೆಗೆದುಕೊಂಡು, ಒಳಗೆ ಏನೂ ಇಲ್ಲವೆಂದು ಕಂಡು ಬಿಟ್ಟಿತ್ತು. ಹಸಿದದ್ದು ಬರುತ್ತದೆ. ಎಷ್ಟು ಸಲ ಮೋಸವಾದರೂ ಮತ್ತೆ ಬರುತ್ತದೆ. ವೆಂಕಟರಮಣಪ್ಪ ಒಂದು ಸಲವೂ ಬರಲಿಲ್ಲ. ಗಂಜಿಗೆ ಬರಲಿಲ್ಲ, ಮಾವಿಗೆ ಬರಲಿಲ್ಲ, ಅವಳ ಬೆರಳಿಗೆ ಬರಲಿಲ್ಲ. ಅವನು ಎಲೆಯನ್ನು ದಾಟಿ ಹೋಗುತ್ತಿದ್ದ. ಅವಳು ಅಂದುಕೊಂಡದ್ದಲ್ಲ, ನೋಡಿದ್ದಳು. ಇಷ್ಟು ವರ್ಷ ತಾನು ನೋಡಿದ್ದನ್ನು ಬಿಟ್ಟು, ಬಾಗಿಲಲ್ಲಿ ನಿಂತವನು ನೋಡಿದ್ದನ್ನೇ ಹಿಡಿದುಕೊಂಡು ಕೂತಿದ್ದಳಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಮೊರವೊಂದನ್ನು ತೆಗೆದುಕೊಂಡು, ತುದಿಯ ಎಳೆ ಎಲೆಗಳನ್ನು ಅದರಲ್ಲಿ ಹರಡಿ, ಅಂಕಣದಿಂದ ದಪ್ಪ ದಪ್ಪ ಹುಳುಗಳನ್ನು ಎತ್ತತೊಡಗಿದಳು.

“ಅತ್ತೇ! ಏನ್ ಮಾಡ್ತಿದ್ದೀರ? ತಿನ್ನೋ ಹುಳಾನ ಎತ್ತಬಾರದು ಅಂತ ನನ್ನ ಬೆನ್ನ ಮೇಲೆ ಗುದ್ದಿ ಹೇಳಿಕೊಟ್ಟೋರು ನೀವೇ ಅಲ್ವಾ?”

“ಗುದ್ದಿದ್ದೆ. ಮೆತ್ತಗೇ ಗುದ್ದಿದ್ದೆ.”

“ಪಾಪ ಬರಲ್ವಾ ಈಗ?”

“ಬರ್ತದೆ. ಬಂದ್ರೆ ನಿನ್ನ ಮನೆ ತೋರಿಸಲ್ಲ, ನನ್ನ ಹತ್ರಾನೇ ಕೂಡಿಸ್ಕೋತೀನಿ. ಜಾಸ್ತಿ ಮಾತಾಡ್ದೆ ಆ ಒದ್ದೆ ಇಲ್ಲದ ಸೊಪ್ಪು ಕೊಡು.”

ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಅವುಗಳೆದುರು ಕೂತಳು. ಜಾಗ ಬದಲಾದದ್ದಕ್ಕೆ ಒಂದು ಗಳಿಗೆ ತಲೆ ಎತ್ತಿದ ಹುಳುಗಳು ಎಳೆ ಸೊಪ್ಪಿನ ರುಚಿ ಹತ್ತುತ್ತಲೇ ಮತ್ತೆ ತಲೆ ತಗ್ಗಿಸಿದವು. ನೆಂಟರಿಗೆ ಬಡಿಸುವ ಹಾಗೆ ಮತ್ತೆ ಮತ್ತೆ ಹಾಕಿದಳು. ತಿನ್ನಿಸಿ ಕೊಲ್ಲುವುದು ಅವಳಿಗೆ ಹೊಸದೇನಲ್ಲ. ಗೂಡಾದ ಮೇಲೆ ಹುಳು ಹೋಗುವುದು ಕುದಿಯುವ ನೀರಿಗೆ ಎನ್ನುವುದಕ್ಕೆ ಅವಳು ಯಾವತ್ತೂ ಕಣ್ಣು ಮುಚ್ಚಿಕೊಂಡಿರಲಿಲ್ಲ. ಆದರೆ ಅಲ್ಲಿ ನಡುವೆ ಒಂದು ಗೂಡಿನ ಗೋಡೆ ಇತ್ತು, ನೂಲು ಬಿಚ್ಚುವ ರೀಲರ್ ಎಂಬ ಇನ್ನೊಬ್ಬನ ಕೈ ಇತ್ತು. ಇಲ್ಲಿ ತಿನ್ನಿಸುವ ಕೈಯೇ ಎತ್ತುವ ಕೈ. ಸೊಪ್ಪಿನ ಹಸಿರು ಮೈಯ ಗೆರೆಗಳಲ್ಲೆಲ್ಲ ತುಂಬಿಕೊಂಡು, ಹುಳುಗಳು ಬಿಗಿದ ಬೆರಳುಗಳ ಹಾಗಾದಾಗ, ಅವಳು ಮೊರವನ್ನು ನಡುಮನೆಗೆ ಒಯ್ದು ಒಂದನ್ನು ಎತ್ತಿದಳು. ಅದರ ಬಾಯಲ್ಲಿ ಇನ್ನೂ ಎಲೆಯ ಚೂರಿತ್ತು; ಗಾಳಿಯಲ್ಲೂ ಅದು ಅಗಿಯುತ್ತಲೇ ಇತ್ತು. ಅವಳ ಕೈ ನೀರಿನ ಮೇಲೆ ನಿಂತುಬಿಟ್ಟಿತು. ಗಾಜಿನ ಕೆಳಗಿನಿಂದ ಮೀನು ಎದ್ದು ಬಂದಿತು, ಮತ್ತೆ ಬಂದಿತು, ನಾಚಿಕೆಗೆಟ್ಟ ಹಾಗೆ ಬಂದಿತು. “ಬಂದ್ಯಾ,” ಎಂದು ಅವಳು ಬೆರಳು ಬಿಟ್ಟಳು. ಗುಳುಕ್ ಎಂದಿತು. ಅವಳು ಉಗಿಯುವುದನ್ನು ಕಾದಳು. ಮೀನು ಹಿಂದಕ್ಕೆ ಸರಿದು ಅಗಿಯಿತು. ಎಲೆ ಅಡಿಕೆ ಹಾಕಿಕೊಂಡ ಹೆಂಗಸಿನ ದವಡೆಯ ಹಾಗೆ ಅದರ ಕಿವಿರು ಅಲ್ಲಾಡಿ, ಅದರ ಸಂದಿನಿಂದ ಹಸಿರು ಹೊಗೆಯಂಥದ್ದು ಒಂದಿಷ್ಟು ನೀರಿಗೆ ಬಂತು. ಉಗಿಯಲಿಲ್ಲ. ಮೊರದ ಕಡೆ ನೋಡಿತು.

ಚನ್ನರಾಯಪ್ಪ ಕಪ್ಪು ಕನ್ನಡಕ ಹಾಕಿಕೊಂಡು, ಬಸ್ಸಿನ ಧೂಳು ತಲೆಯ ಮೇಲೆ ಹೊತ್ತುಕೊಂಡು ಬಂದಾಗ ಮೊರದಲ್ಲಿ ಸೊಪ್ಪಿನ ದಂಟುಗಳು ಮಾತ್ರ ಇದ್ದವು. ಬಾ ಎನ್ನುವುದಕ್ಕೆ ಮುಂಚೆ ಅವನು ಒಳಗೆ ಬಂದಿದ್ದ. ಚೀಲ ಇಳಿಸಲಿಲ್ಲ. ನೇರವಾಗಿ ತೊಟ್ಟಿಯ ಮುಂದೆ ಹೋಗಿ, ಡಾಕ್ಟರು ಬೇಡವೆಂದಿದ್ದರೂ ಕನ್ನಡಕ ತೆಗೆದು, ಹೊಸ ಕಣ್ಣಿಂದ ಮೀನನ್ನು ನೋಡಿದ. ಮೀನು ಅವನ ಗುರುತು ಹಿಡಿದು ಬಾಲ ಬಡಿಯಿತು. ಒಂದು ಬೆಳಗಿನ ಊಟ ಎರಡು ವಾರದ ಹಳ್ಳವನ್ನು ತುಂಬಿರಲಿಲ್ಲ.

“ಬಡವಾಗೈತೆ,” ಎಂದ ಚನ್ನರಾಯಪ್ಪ.

ಶ್ರೀವಾಣಿ ನೀರಿನ ಚೊಂಬು ಹಿಡಿದು ಬಂದವಳು ಅತ್ತೆಯ ಮುಖ ನೋಡಿ, “ನಿಮ್ಮನ್ನ ನೆನೆಸ್ಕೊಂಡು ಕೊರಗೈತೆ ಮಾವ. ಜಾಗ ಬೇರೆ ಬದಲಾಯ್ತಲ್ಲ,” ಎಂದಳು. ಕದಿರೇಶನ ಮಾತನ್ನು ಎಲ್ಲಿ ಕೇಳಿಸಿಕೊಂಡಿದ್ದಳೋ. ಚನ್ನರಾಯಪ್ಪನ ಮುಖ ಸಡಿಲವಾಯಿತು. ನಂಬುವುದಕ್ಕೆ ಅವನು ತಯಾರಾಗಿಯೇ ಇದ್ದ. ಮುನಿಶಾಮಮ್ಮ ಹೂಂ ಎಂದಿದ್ದರೆ ಅವನು ನೀರು ಕುಡಿದು, ಮೀನು ಹೊತ್ತುಕೊಂಡು, ಬೀದಿ ದಾಟಿ ಹೋಗುತ್ತಿದ್ದ.

“ಸುಮ್ನಿರೇ ನೀನು,” ಎಂದಳು ಮುನಿಶಾಮಮ್ಮ ಸೊಸೆಗೆ. “ಕೊರಗಲೂ ಇಲ್ಲ, ಸೊರಗಲೂ ಇಲ್ಲ. ಹಸಿದಿತ್ತು. ಕೇಳ್ಸ್ಕೋ ಚನ್ನರಾಯಪ್ಪ. ನಾನು ಇದಕ್ಕೆ ಹಣ್ಣುಹುಳ ಹಾಕ್ದೆ. ಹೊಟ್ಟೇಲಿ ಏನೂ ಇಲ್ಲದ್ದು. ದಿನಾ ಬಂದು ಬಾಯಿ ತೆಗೀತು, ದಿನಾ ಖಾಲಿ ತಟ್ಟೆ ಕೊಟ್ಟೆ. ಇವತ್ತು ತಿನ್ನೋ ಹುಳ ಎತ್ತಿ ಹಾಕ್ದೆ, ನುಂಗ್ತು. ಉಳೀತದೆ ನಿನ್ನ ಮೀನು. ಆದ್ರೆ ಇದನ್ನ ಉಪವಾಸ ಕೆಡವಿದ್ದು ನಾನೇ.” ಉಸಿರು ತೆಗೆದುಕೊಂಡಳು. “ನಿಮ್ಮಣ್ಣನ್ನ ಕೆಡವಲಿಲ್ಲ.”

ಚೊಂಬು ಶ್ರೀವಾಣಿಯ ಕೈಯಲ್ಲೇ ಇತ್ತು. ಚನ್ನರಾಯಪ್ಪ ಮೀನಿನಿಂದ ಕಣ್ಣು ತೆಗೆಯದೆ ಬಹಳ ಮೆಲ್ಲಗೆ, “ನಾನು ನೋಡಿದ್ದೆ ಅತ್ತಿಗೆ. ನಿನ್ನ ಮುಂದೆ ತಟ್ಟೆ ಇತ್ತು,” ಎಂದ.

“ಇತ್ತು. ನೀನ್ ಉಣ್ಣು, ನಾನು ನೋಡ್ತೀನಿ ಅಂದ. ಉಂಡೆ. ಬೇಕಾದ್ರೆ ನಂಬು, ಬೇಡವಾದ್ರೆ ಪೋನೀ, ಬಿಡು. ಇನ್ನೂ ಹೇಳ್ತೀನಿ ಕೇಳು, ರುಚಿಯಾಗಿತ್ತು. ನೀನು ಹೋದ ಮೇಲೆ ಇನ್ನೊಂದು ಮುದ್ದೆ ಹಾಕ್ಕೊಂಡೆ. ಅದನ್ನೂ ನೋಡ್ದ. ಅದು ಅವನಿಗೆ ಬೇಕಾಗಿತ್ತು, ಅದಕ್ಕೇ ಈ ಕಡೆ ಹೊರಳಿದ್ದು. ಬೇರೆ ಯಾವುದಕ್ಕೂ ಹೊರಳಲಿಲ್ಲ.”

ಅವನು ಚೀಲವನ್ನು ಕೆಳಗಿಟ್ಟ. ಇಟ್ಟು, ತೊಟ್ಟಿಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತ. ಪೊರೆ ತೆಗೆಸಿಕೊಂಡ ಕಣ್ಣಲ್ಲಿ ನೀರು ಬರುತ್ತಿತ್ತು; ಅದು ಬೆಳಕಿಗೆ ಬರುವ ನೀರೂ ಆಗಿರಬಹುದಿತ್ತು. ಕನ್ನಡಕವನ್ನು ಮತ್ತೆ ಹಾಕಿಕೊಂಡು, “ಏನ್ ಸಾರು ಅವತ್ತು?” ಎಂದು ಕೇಳಿದ.

“ಹುರುಳಿಕಾಳು ಬಸ್ಸಾರು.”

“ಅಣ್ಣ ಏನೂ ಅನ್ಲಿಲ್ವಾ?”

“ಅಂದ. ಮಲಗಿದ್ದಲ್ಲೇ ವಾಸನೆ ಹಿಡಿದು, ಉಪ್ಪು ಕಮ್ಮಿ ಕಣೇ ಅಂದ.”

ಚನ್ನರಾಯಪ್ಪ ತಲೆ ಎತ್ತಿ ಅವಳನ್ನು ನೋಡಿದ. “ಕಮ್ಮಿ ಇತ್ತಾ?”

“ಇತ್ತು,” ಎಂದಳು ಮುನಿಶಾಮಮ್ಮ.